ಬಿಳಿ ರಕ್ತಕಣ ಜಾಸ್ತಿ ಅಂದ್ರೆ ರಕ್ತ ಕ್ಯಾನ್ಸರೇ?



"ಕೌಂಟ್ 16,000 ಬಂದಿದೆ ಸಿಸ್ಟರ್, ಬ್ಲಡ್ ಕ್ಯಾನ್ಸರಾ?" ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಂಘಗಳಲ್ಲಿ ಈ ಭಯ ನಾವು ಕಾಣುತ್ತೇವೆ.

ದೊಡ್ಡವರಲ್ಲಿ ಬಿಳಿ ರಕ್ತಕಣಗಳ ಕೌಂಟ್ ಸಾಮಾನ್ಯವಾಗಿ 4,000ದಿಂದ 11,000. ಇವು ದೇಹದ ಕಾವಲುಗಾರರು. ನ್ಯುಮೋನಿಯಾ, ಕೀವು, ಸುಟ್ಟಗಾಯ ಆದಾಗ ಹೆಚ್ಚುತ್ತವೆ. ಬಸುರಿಯರಲ್ಲೂ, ಸ್ಟೀರಾಯ್ಡ್ ಔಷಧಿ ತಗೊಳ್ಳುವವರಲ್ಲೂ ಹೆಚ್ಚುತ್ತವೆ. ಕಾರಣ ಹೋದರೆ ಸಾಮಾನ್ಯವಾಗಿ ತಾವೇ ಇಳಿಯುತ್ತವೆ.

ರಕ್ತ ಕ್ಯಾನ್ಸರಿನಲ್ಲಿ ಹಾಗಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ ಕೆಟ್ಟ ಕಣಗಳು ಹತೋಟಿ ತಪ್ಪಿ ಹುಟ್ಟುತ್ತಾ ಹೋಗುತ್ತವೆ. ಕೆಲವರಿಗೆ ಕೌಂಟ್ ಸರಿಯಿದ್ದರೂ ಕಾಯಿಲೆ ಇರಬಹುದು. ಆದ್ದರಿಂದ ಒಂದೇ ಸಂಖ್ಯೆ ನೋಡಿ ತೀರ್ಮಾನಿಸಬಾರದು.

ನಾವು ಮಾಡಬೇಕಾದದ್ದು:

1. "ಸ್ಮಿಯರ್ ನೋಡಿದ್ದೀರಾ? ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಹೇಗಿವೆ?" ಎಂದು ಡಾಕ್ಟರನ್ನು ಕೇಳಿ. ಗಾಜಿನ ಮೇಲೆ ರಕ್ತ ಸವರಿ, ಕಣಗಳ ರೂಪ ನೋಡುವುದೇ ಸ್ಮಿಯರ್.

2. ಸೋಂಕು ವಾಸಿಯಾದ ಮೇಲೆ ಡಾಕ್ಟರ್ ಹೇಳಿದ ದಿನ ಮತ್ತೆ ರಕ್ತ ಕೊಡಿ. ಹಳೇ ರಿಪೋರ್ಟ್ ಜೊತೆಗಿರಲಿ.

3. ಬಿಡದ ಜ್ವರ, ಬಿಳಿಚಿಕೊಂಡ ಮುಖ, ಒಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ, ಕುತ್ತಿಗೆ ಅಥವಾ ಕಂಕುಳಲ್ಲಿ ಗಂಟು, ಎಡ ಪಕ್ಕೆಯ ಕೆಳಗೆ ಭಾರ ಇದ್ದರೆ ತಡ ಬೇಡ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಸಂಸ್ಥೆ ಇದೆ.

ಹೆದರಿ ಓಲೆ ಅಡವಿಡಬೇಡಿ. ಅಸಡ್ಡೆ ಮಾಡಿ ಮನೆಯಲ್ಲೂ ಕೂರಬೇಡಿ. ಮುಂದಿನ ಸಭೆಯಲ್ಲಿ ಇದನ್ನು ಓದದ ಅಕ್ಕತಂಗಿಯರಿಗೂ ಹೇಳಿ.