ಹೆಂಚಿನ ಸುತ್ತ ಒಂದು ಭಾನುವಾರ

ಬಿಸಿಲು ಇನ್ನೂ ಬೆಟ್ಟದ ಮಗ್ಗುಲಿಂದ ಪೂರ್ತಿ ಇಳಿದಿಲ್ಲ. ತ್ಲಾಕೊಲೂಲಾದ ಬೀದಿಗಳಲ್ಲಿ ಮಾತ್ರ ಆಗಲೇ ಈ ಗೋಡೆಯಿಂದ ಆ ಗೋಡೆಗೆ ನೀಲಿ, ಹಳದಿ, ಕೆಂಪು ತಾಡಪಾಲುಗಳ ಚಪ್ಪರ ಎದ್ದಿದೆ. ಅದರಡಿ ನಡೆಯುತ್ತಿದ್ದರೆ ಎದುರು ಬರುವವರ ಮುಖ ಒಂದು ಹೆಜ್ಜೆಗೆ ನೀಲಿ, ಮುಂದಿನ ಹೆಜ್ಜೆಗೆ ಹಳದಿ. ಕಾಲು ಕಟ್ಟಿದ ಟರ್ಕಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬಾಕೆ ಜನರ ನಡುವೆ ದಾರಿ ಬಿಡಿಸಿಕೊಂಡು ಹೋಗುತ್ತಾಳೆ. ಜಡೆಯ ಜೊತೆ ರಿಬ್ಬನ್ ಹೆಣೆದು, ಹೂ ಕಸೂತಿಯ ಏಪ್ರನ್ ತೊಟ್ಟ ಅಜ್ಜಿಯರು ಚಾಪೆ ಹಾಸಿ ಟೊಮೆಟೊ, ಬೆಳ್ಳುಳ್ಳಿ, ಮುಳ್ಳು ಹೆರೆದ ಪಾಪಸುಕಳ್ಳಿಯನ್ನು ಗುಡ್ಡೆ ಹಾಕಿ ಕೂತಿದ್ದಾರೆ. ತಮ್ಮತಮ್ಮಲ್ಲಿ ಸಪೊಟೆಕ್ ಮಾತು, ಗಿರಾಕಿಗಳ ಜೊತೆ ಸ್ಪ್ಯಾನಿಷ್. ಬೀದಿಯ ತುದಿಯಲ್ಲಿ ಸವಾರಿಗೆ ಕಾದು ನಿಂತ ಆಟೋಗಳ ಮೂತಿಯ ಮೇಲೆ ಬಜಾಜ್ ಎಂದಿದೆ. ಮೆಕ್ಸಿಕೊದ ದಕ್ಷಿಣದ ವಹಾಕಾ ನಗರದಿಂದ ಬಸ್ಸಿನಲ್ಲಿ ಸುಮಾರು 30 ಕಿಲೋಮೀಟರ್ ಬಂದರೆ ಸಿಗುವ ಈ ಊರಿನ ಸಂತೆ ಭಾನುವಾರದ್ದು. ಸುತ್ತಲಿನ ಹಳ್ಳಿಗಳೆಲ್ಲ ಇವತ್ತು ಇಲ್ಲಿಯೇ ಇವೆ. ಒಂದು ಕಡೆಯಿಂದ ಕೊಪಾಲ್ ಎಂಬ ಮರದಂಟಿನ ಧೂಪ, ಇನ್ನೊಂದು ಕಡೆಯಿಂದ ಬೇಯುತ್ತಿರುವ ಮೆಕ್ಕೆಜೋಳದ ಘಮ. ಬನ್ನಿ, ಮೂಗು ಎಳೆದತ್ತ ಹೋಗೋಣ.

ಘಮದ ಮೂಲದಲ್ಲಿ ಒಂದು ಮಣ್ಣಿನ ಹೆಂಚು. ತೋಳು ಚಾಚಿದರೂ ಅಂಚು ಸಿಗದಷ್ಟು ಅಗಲ. ಹಿಟ್ಟು ಅಂಟದಿರಲೆಂದು ಸುಣ್ಣದ ನೀರು ಬಳಿದು ಬೆಳ್ಳಗಾಗಿದೆ. ಕೆಳಗೆ ಸೌದೆಯ ಉರಿ. ಹೆಂಚಿನ ಹಿಂದೆ ನಿಂತ ಹೆಂಗಸು ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಅಂಗೈಗೆ ತಟ್ಟುತ್ತಾಳೆ, ಹೆಂಚಿಗೆ ಬಿಡುತ್ತಾಳೆ, ಸುಡುತ್ತಿರುವಾಗಲೇ ಬೆರಳ ತುದಿಯಿಂದ ಸುತ್ತ ಚಿವುಟಿ ಪುಟ್ಟ ಕಟ್ಟೆ ಎಬ್ಬಿಸುತ್ತಾಳೆ. ಕಟ್ಟೆಯೊಳಗೆ ಅರೆದ ಕಪ್ಪು ಬೀನ್ಸ್ ಕಾಳು; ಬೆಣ್ಣೆಹಣ್ಣಿನ ಮರದ ಎಲೆ ಸುಟ್ಟು ಸೇರಿಸಿರುವುದರಿಂದ ಅದಕ್ಕೆ ಸೋಂಪಿನ ಪರಿಮಳ. ಮೇಲೆ ಎಳೆ ಎಳೆಯಾಗಿ ಬಿಡಿಸಿದ ಬಿಳಿಯ ಚೀಸ್. ಮೆಮೆಲಾ ಎಂಬ ಈ ತಿಂಡಿಗೆ ಇಲ್ಲಿಯವರು ಮೊದಲು ಹಂದಿ ಕೊಬ್ಬಿನ ಗಸಿ ಸವರುತ್ತಾರೆ. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದ ಕೂಡಲೇ ಆಕೆ ಏನೂ ಕೇಳದೆ ಹೆಂಚಿನ ಒಂದು ಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿ ನನ್ನದನ್ನು ಬೇರೆಯಾಗಿ ಬೇಯಿಸಿದಳು.

ತಿನ್ನಲು ಇರುವುದು ಒಂದೇ ಉದ್ದದ ಬೆಂಚು. ಅಲ್ಲಿ ಮೊದಲೇ ಕೂತಿದ್ದ ವಯಸ್ಸಾದ ದಂಪತಿ ಸರಿದು ಜಾಗ ಮಾಡಿಕೊಟ್ಟರು. ಅಜ್ಜ ನಿವೃತ್ತ ಶಾಲಾ ಮೇಷ್ಟ್ರು. ಜೊತೆಗೆ ಇಂಗ್ಲಿಷ್ ಓದುತ್ತಿರುವ ಮೊಮ್ಮಗಳು. ನನ್ನ ಹರಕುಮುರುಕು ಸ್ಪ್ಯಾನಿಷ್ ನಿಂತಲ್ಲಿಂದ ಆ ಹುಡುಗಿ ಮುಂದಕ್ಕೆ ದಾಟಿಸುತ್ತಿದ್ದಳು. ಉಂಡು ಎದ್ದವರೆಲ್ಲ ಉಳಿದವರತ್ತ ತಿರುಗಿ, ಗುರುತಿದ್ದರೂ ಇಲ್ಲದಿದ್ದರೂ, ‘ಪ್ರೊವೆಚೊ’ ಎಂದು ಹಾರೈಸಿ ಹೋಗುತ್ತಾರೆ. ನಾಲ್ಕಾರು ಸಲ ಆ ಹಾರೈಕೆ ಬಿದ್ದ ಮೇಲೆ ಬೆಂಚಿನಲ್ಲಿ ನಾವು ಹೊರಗಿನವರಾಗಿ ಉಳಿಯುವುದಿಲ್ಲ.

ಹಿಟ್ಟು ಇಷ್ಟು ಮೃದುವಾಗುವುದು ಹೇಗೆ ಎಂದು ಕೇಳಿದೆ. ಹಿಂದಿನ ರಾತ್ರಿ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಹಾಗೇ ನೆನೆಯಲು ಬಿಡುತ್ತಾರಂತೆ. ಎಲೆ-ಅಡಿಕೆಗೆ ನಾವು ಹಚ್ಚಿಕೊಳ್ಳುವ ಸುಣ್ಣವೇ. ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಜಿಗಿ ಬರುತ್ತದೆ, ಕಾಳಿನೊಳಗೆ ಬಂಧಿಯಾಗಿದ್ದ ನಯಾಸಿನ್ ಎಂಬ ಜೀವಸತ್ವ ಮೈಗೆ ದಕ್ಕುವಂತಾಗುತ್ತದೆ. ಕಾಳನ್ನು ಮಾತ್ರ ಹಡಗಿಗೇರಿಸಿಕೊಂಡು ಹೋದ ಯುರೋಪಿನವರು ಈ ಸುಣ್ಣವನ್ನು ಬಿಟ್ಟು ಹೋದರು. ಮೆಕ್ಕೆಜೋಳವನ್ನೇ ನೆಚ್ಚಿದ ಅಲ್ಲಿನ ಬಡವರನ್ನು ಪೆಲಾಗ್ರಾ ರೋಗ ತಲೆಮಾರುಗಟ್ಟಲೆ ಕಾಡಿತು. ಮೇಷ್ಟ್ರು ಮಿತ್ಲಾ ಊರಿನ ಕಡೆಯ ಬೆಟ್ಟಗಳತ್ತ ಕೈ ತೋರಿಸಿದರು. ಅಲ್ಲಿನ ಗಿಲಾ ನಾಕಿಟ್ಸ್ ಗುಹೆಯಲ್ಲಿ ಸಿಕ್ಕ ಮೆಕ್ಕೆಜೋಳದ ದಿಂಡಿನ ಚೂರುಗಳಿಗೆ 6,000 ವರ್ಷಕ್ಕೂ ಮಿಕ್ಕಿದ ವಯಸ್ಸು. ಸೀಮೆಗುಂಬಳದ ಜಾತಿಯ ಬೀಜಗಳಿಗೆ ಸುಮಾರು 10,000. ಯುನೆಸ್ಕೊ 2010ರಲ್ಲಿ ಆ ಕಣಿವೆಯ ಗುಹೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಗೂ ಅದರ ಮನ್ನಣೆ ಸಿಕ್ಕಿತು. ಗುಹೆಗಿಂತ ಈ ಹೆಂಚಿಗೇ ಮೊದಲು ಕೈ ಮುಗಿಯಬೇಕು ಎಂದು ನನಗನ್ನಿಸಿತು. ಗುಹೆಯಲ್ಲಿ ಚೂರುಗಳಿವೆ, ಇಲ್ಲಿ ಉರಿ ಇನ್ನೂ ಆರಿಲ್ಲ.

ಬಿಸಿಲು ನೆತ್ತಿಗೇರಿದಾಗ ಅಜ್ಜಿ ನಮ್ಮನ್ನು ತೆಹಾತೆ ಕುಡಿಸಲು ಹೊರಡಿಸಿದರು. ಮಾರುವಾಕೆಯ ಮುಂದೆ ಹಸಿರು ಹೊಳಪಿನ ದೊಡ್ಡ ಮಣ್ಣಿನ ಬೋಗುಣಿ. ಬೂದಿನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳ, ಹುರಿದ ಕೋಕೊ ಬೀಜ, ಮಮೆ ಹಣ್ಣಿನ ಬೀಜ, ಕೋಕೊ ಹೂ ಎಂದು ಇಲ್ಲಿ ಕರೆಯುವ ಬೇರೊಂದು ಮರದ ಒಣಹೂವು, ಇಷ್ಟನ್ನೂ ನುಣ್ಣಗೆ ಅರೆದ ಮುದ್ದೆಗೆ ಆಕೆ ತಣ್ಣೀರು ಸ್ವಲ್ಪ ಸ್ವಲ್ಪ ಬಿಡುತ್ತಾ ಮೊಣಕೈವರೆಗೂ ಕೈ ಇಳಿಸಿ ಕಲಸುತ್ತಾಳೆ. ಆಮೇಲೆ ಎತ್ತರದಿಂದ ಸುರಿಯುತ್ತಾಳೆ, ಮತ್ತೆ ಮೊಗೆಯುತ್ತಾಳೆ, ಮತ್ತೆ ಸುರಿಯುತ್ತಾಳೆ. ನೋಡನೋಡುತ್ತಿದ್ದಂತೆ ಬೋಗುಣಿಯ ಮೇಲೆ ದಪ್ಪನೆಯ ಬಿಳಿ ನೊರೆ ಕಟ್ಟಿ ನಿಲ್ಲುತ್ತದೆ. ಕೆಂಪು ಬಣ್ಣದ ಮೇಲೆ ಹೂ ಬಿಡಿಸಿದ ಒಣಕಾಯಿಯ ಬುರುಡೆಯಲ್ಲಿ ಕೊಡುತ್ತಾರೆ. ನೊರೆ ತುಟಿಗೆ ಹತ್ತಬೇಕು, ಅದರ ಕೆಳಗಿನ ತಂಪು ಗಂಟಲಿಗೆ ಇಳಿಯಬೇಕು. ಸ್ಪೇನಿನವರು ಬರುವುದಕ್ಕೂ ಮುಂಚಿನಿಂದ ಈ ಜನ ಕುಡಿಯುತ್ತಿದ್ದ ಪಾನೀಯ ಇದು. ಒಂದೇ ಬುರುಡೆ ಸಾಕು, ಹೊಟ್ಟೆ ತುಂಬುತ್ತದೆ.

ಮಾರುಕಟ್ಟೆಯ ಸೂರಿನಡಿ ಇನ್ನೊಂದು ಸೊಗಸಿದೆ. ಮಾಂಸದ ಸಾಲಿನಲ್ಲಿ ಇದ್ದಿಲಿನ ಒಲೆಗಳು. ಕೊಂಡವರು ಅಲ್ಲೇ ತಾವೇ ಸುಟ್ಟುಕೊಳ್ಳಬಹುದು. ಹೊಗೆಯ ನಡುವೆ ಒಬ್ಬರ ತುಂಡನ್ನು ಇನ್ನೊಬ್ಬರು ಮಗುಚುತ್ತಾರೆ, ಪಕ್ಕದವರ ರೊಟ್ಟಿ ಕರಿದಾಗದಂತೆ ಕಣ್ಣಿಡುತ್ತಾರೆ. ನಮ್ಮ ಪಾಲಿಗೆ ಒಲೆಯ ಒಂದು ಅಂಚು ಸಿಕ್ಕಿತು: ಬುಡ ದಪ್ಪಗಿದ್ದ ಈರುಳ್ಳಿ ಸೊಪ್ಪು, ಪಾಪಸುಕಳ್ಳಿ, ಹಸಿಮೆಣಸು. ಎದುರಿಗಿದ್ದ ಕೂಲಿಯಾತ ಏನೂ ಹೇಳದೆ ಅದರ ಮೇಲೆ ತನ್ನ ನಿಂಬೆಹಣ್ಣನ್ನು ಹಿಂಡಿದ.

ಮೆಣಸಿನಕಾಯಿ ಮಾರುವ ಸಾಲಿಗೆ ಬಂದಾಗ ಅಜ್ಜಿಯ ನಡಿಗೆ ನಿಧಾನವಾಯಿತು. ಕಪ್ಪಗೆ ಗುಂಡಗಿನ ಚಿಲ್ವಾಕ್ಲೆ, ಹೊಗೆಯಲ್ಲಿ ಒಣಗಿಸಿದ ಪಸೀಯಾ. ಒಂದೊಂದನ್ನೂ ಅಲ್ಲಾಡಿಸಿ ಬೀಜದ ಸದ್ದು ಕೇಳಿ ಆರಿಸುತ್ತಿದ್ದರು. ಮೆಣಸಿನಕಾಯಿ ನಿಮ್ಮ ನೆಲದಿಂದ ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂದದ್ದು, ಈಗ ನಮ್ಮ ಬ್ಯಾಡಗಿ ಎಂಬ ಊರು ಅದರಿಂದಲೇ ಹೆಸರಾಗಿದೆ ಎಂದೆ.

“ಅದಕ್ಕೂ ಮುಂಚೆ ಖಾರಕ್ಕೆ ಏನು ಮಾಡುತ್ತಿದ್ದಿರಿ ಮಗಳೇ?” ಅಜ್ಜಿಗೆ ನಿಜಕ್ಕೂ ಕಳವಳ.

“ಕಾಳುಮೆಣಸು ಇತ್ತು ಅಜ್ಜಿ. ನಮ್ಮ ಘಟ್ಟದ್ದೇ ಬಳ್ಳಿ.”

ಅವರು ಕಣ್ಣರಳಿಸಿದರು. ಅವರ ಕರಿ ಮೋಲೆಗೆ ಕಾಳುಮೆಣಸು ಬೀಳದೆ ಇರುವುದೇ ಇಲ್ಲವಂತೆ. ಲವಂಗ, ದಾಲ್ಚಿನ್ನಿಯೂ ಬೇಕು. ಮೋಲೆ ಎಂದರೆ ಇಲ್ಲಿಯ ಹಬ್ಬದ ಸಾರು: ಹಲವು ಬಗೆಯ ಮೆಣಸಿನಕಾಯಿ, ಕರಿಯಾಗುವವರೆಗೆ ಸುಟ್ಟ ರೊಟ್ಟಿ, ಎಳ್ಳು, ಬಾದಾಮಿ, ಚಾಕೊಲೇಟ್, ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಸಾಮಾನು. ಮೊಮ್ಮಗಳು ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು, ಮೇಷ್ಟ್ರು ನಡುವೆ ಬಾಯಿ ಹಾಕಿ ತಿದ್ದುತ್ತಿದ್ದರು, ಅಜ್ಜಿ ಅವರನ್ನು ಗದರುತ್ತಿದ್ದರು. ಕೊನೆಗೆ ಬರೆಯುವುದನ್ನೇ ನಿಲ್ಲಿಸಲು ಹೇಳಿ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಬರೆದುಕೊಂಡರೆ ಬರುವ ಅಡುಗೆಯಲ್ಲ ಇದು. ನವೆಂಬರಿನಲ್ಲಿ ಹಿರಿಯರ ಹಬ್ಬಕ್ಕೆ ಮನೆಗೆ ಬಾ. ಎರಡು ದಿನ ಮುಂಚೆಯೇ ಬಾ, ಬೀಜ ಬಿಡಿಸಲು ಕೈ ಸಾಲುವುದಿಲ್ಲ. ನಿನ್ನ ಘಟ್ಟದ ಕಾಳುಮೆಣಸು ತರುವುದನ್ನು ಮರೆಯಬೇಡ.”