ತಲೆಯೆತ್ತಲಾರದ ಫಿರಂಗಿಗಳು

ಕಾವ್ಯಪಾಠ ಹೇಳುತ್ತ ಆಯುಷ್ಯ ಕಳೆದವನಿಗೆ ಯುದ್ಧನೌಕೆಯ ಮಾತೇಕೆ ಎಂದು ನೀವು ಕೇಳಬಹುದು. ನನ್ನನ್ನು ಅತ್ತ ಸೆಳೆದದ್ದು ಒಂದು ಪದವೇ: ‘ಡೆಸ್ಟ್ರಾಯರ್’. ವಿಧ್ವಂಸಕ ನೌಕೆ ಎಂದು ನಾವು ಕನ್ನಡಿಸಿದ್ದೇವೆ. ಆದರೆ ಯಾವುದರ ವಿಧ್ವಂಸಕ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಪೂರ್ಣ ಹೆಸರು ‘ಟಾರ್ಪೆಡೊ ದೋಣಿಗಳ ವಿಧ್ವಂಸಕ’ ಎಂದಿತ್ತು. ವೈರಿ ನೀರಿನ ಮೇಲೆಯೇ ಬರುತ್ತಾನೆಂಬ ನಂಬಿಕೆ ಆ ಹೆಸರಿನಲ್ಲೇ ಅಡಗಿತ್ತು.

ಆ ನಂಬಿಕೆಗೆ ಬೆಲೆ ತೆರಬೇಕಾಯಿತು. ಬ್ರಿಟಿಷರ ‘ಕೆಲಿ’ ನೌಕೆಯಲ್ಲಿ 4.7 ಅಂಗುಲದ ಆರು ಫಿರಂಗಿಗಳಿದ್ದವು. ಅವುಗಳ ಮೂತಿ 40 ಡಿಗ್ರಿಗಿಂತ ಮೇಲೆ ಏಳುತ್ತಿರಲಿಲ್ಲ. ಜರ್ಮನರ ಸ್ಟೂಕಾ ವಿಮಾನಗಳಾದರೋ ಹದ್ದಿನಂತೆ ನೆತ್ತಿಯ ಮೇಲಿನಿಂದಲೇ ಎರಗುತ್ತಿದ್ದವು. 1941ರ ಮೇ 23ರಂದು ಕ್ರೀಟ್ ದ್ವೀಪದ ಬಳಿ ಕೆಲಿಯೂ ಅದರ ಸಂಗಾತಿ ‘ಕಾಶ್ಮೀರ್’ ನೌಕೆಯೂ ಸ್ಟೂಕಾಗಳ ಬಾಂಬಿಗೆ ತುತ್ತಾಗಿ ಮುಳುಗಿದವು. ಅಂದು ಬದುಕುಳಿದ ಕೆಲಿಯ ಕಪ್ತಾನನನ್ನು ನಾವು ಬಲ್ಲೆವು. ಮುಂದೆ 1947ರಲ್ಲಿ ವೈಸರಾಯ್ ಆಗಿ ನಮ್ಮಲ್ಲಿಗೆ ಬಂದ ಮೌಂಟ್‌ಬ್ಯಾಟನ್ ಅವರೇ ಆತ.

ಅಮೆರಿಕನ್ನರ 5 ಅಂಗುಲದ ಫಿರಂಗಿ 85 ಡಿಗ್ರಿಯವರೆಗೆ ತಲೆಯೆತ್ತಬಲ್ಲದಾಗಿತ್ತು. ಆದರೆ ವಿಮಾನಕ್ಕೆ ಗುಂಡು ನೇರವಾಗಿ ತಗಲುವುದು ಅಪರೂಪ. ಎಷ್ಟು ಕ್ಷಣಗಳ ಬಳಿಕ ಸಿಡಿಯಬೇಕೆಂದು ಮೊದಲೇ ಲೆಕ್ಕ ಹಾಕಿ ಹಾರಿಸುತ್ತಿದ್ದರು. ಲೆಕ್ಕ ಕೊಂಚ ತಪ್ಪಿದರೂ ಗುಂಡು ವ್ಯರ್ಥ. ನನ್ನ ಈ ಮಾತನ್ನು ನಿಮಗೆ ಮುಟ್ಟಿಸುತ್ತಿರುವ ರೇಡಿಯೋ ವಿದ್ಯೆಯೇ 1943ರಲ್ಲಿ ಗುಂಡಿನೊಳಗೆ ಸೇರಿ ಯುದ್ಧಕ್ಕಿಳಿಯಿತು. ವಿಮಾನದಿಂದ ಮರಳಿ ಬಂದ ಅಲೆಯನ್ನು ಗ್ರಹಿಸಿ, ಸಮೀಪಿಸಿದೊಡನೆ ಗುಂಡು ತಾನೇ ಸಿಡಿಯುತ್ತಿತ್ತು.

ಹೀಗೆ ಮೂರು ಸುತ್ತಿನ ಕೋಟೆ ಸಿದ್ಧವಾಯಿತು. ದೂರಕ್ಕೆ 5 ಅಂಗುಲದ ಫಿರಂಗಿ, ನಡುವೆ ಸ್ವೀಡನ್ನಿನ 40 ಮಿಲಿಮೀಟರಿನ ಬೋಫೋರ್ಸ್, ತೀರ ಹತ್ತಿರಕ್ಕೆ ಸ್ವಿಟ್ಜರ್ಲೆಂಡಿನ 20 ಮಿಲಿಮೀಟರಿನ ಓರ್ಲಿಕಾನ್. ಯುದ್ಧದಿಂದ ದೂರವುಳಿದ ಎರಡು ನಾಡುಗಳಲ್ಲಿ ಹುಟ್ಟಿದ ಅಸ್ತ್ರಗಳಿವು ಎಂಬುದು ವಿಪರ್ಯಾಸ.

ಈ ಕೋಟೆಯ ಪರೀಕ್ಷೆ ನಡೆದದ್ದು 1945ರ ಏಪ್ರಿಲ್ 16ರಂದು, ಒಕಿನಾವಾದ ಬಳಿ. ‘ಲಾಫಿ’ ನೌಕೆಯ ಮೇಲೆ 22 ಜಪಾನೀ ವಿಮಾನಗಳು ಎರಗಿದವು. ಅವುಗಳಲ್ಲಿ ಅನೇಕವನ್ನು ಫಿರಂಗಿಗಳು ಉರುಳಿಸಿದವು. ಆದರೂ ಆರು ವಿಮಾನಗಳು ಬಂದು ನೌಕೆಗೇ ಅಪ್ಪಳಿಸಿದವು. ಲಾಫಿ ಮುಳುಗಲಿಲ್ಲ, 32 ಮಂದಿ ಮಡಿದರು. ಮರಳಿ ಹೋಗಬೇಕೆಂಬ ವೈಮಾನಿಕನನ್ನು ಗುಂಡಿನ ಮಳೆ ಹಿಮ್ಮೆಟ್ಟಿಸೀತು. ಸಾಯಲೆಂದೇ ಬಂದವನನ್ನು ಅದು ಹೆದರಿಸಲಾರದು. ಅವನ ವಿಮಾನವನ್ನು ಆಕಾಶದಲ್ಲೇ ನುಚ್ಚುನೂರು ಮಾಡಬೇಕು.

ಚಾರ್ಲ್‌ಸ್ಟನ್ ಬಂದರಿನಲ್ಲಿ ಲಾಫಿ ಇಂದು ವಸ್ತುಸಂಗ್ರಹಾಲಯವಾಗಿ ನಿಂತಿದೆ. ಫಿರಂಗಿ ತಲೆಯೆತ್ತಲು ಕಲಿಯುವಷ್ಟರಲ್ಲಿ ವೈರಿ ಬದುಕಿನ ಆಸೆಯನ್ನೇ ತೊರೆದು ಬಂದಿದ್ದನೆಂಬುದನ್ನು ನೆನೆದಾಗ, ಆ ಹಳೆಯ ಹೆಸರು ನನಗೆ ಇನ್ನಷ್ಟು ಭಾರವಾಗಿ ಕೇಳಿಸುತ್ತದೆ.