ಗಹತ್ ಅಂದರೆ ನಮ್ಮ ಹುರಳಿ

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಇಂದಿರಾಪುರಂನ ನಮ್ಮ ಫ್ಲ್ಯಾಟಿನಲ್ಲಿ ತರಕಾರಿ ಅಂತ ಇದ್ದದ್ದು ನಾಲ್ಕು ಈರುಳ್ಳಿ. ಜೊತೆಗೆ ಅಮ್ಮ ಹಾಸನದಿಂದ ಕಟ್ಟಿಕೊಟ್ಟ ಹುರಳಿಕಾಳು. ರಾತ್ರಿ ನೆನೆಸಿ, ಬೆಳಿಗ್ಗೆ ಕುಕ್ಕರಿನಲ್ಲಿ ಆರು ಕೂಗು ಕೂಗಿಸಿ, ಕಟ್ಟು ಬಸಿದೆ. ಒಂದು ಹಿಡಿ ಬೆಂದ ಕಾಳು, ಹುರಿದ ಈರುಳ್ಳಿ, ಒಣಕೊಬ್ಬರಿ, ಹುಣಸೆ, ಸಾರಿನ ಪುಡಿ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಬಸ್ಸಾರು; ಉಳಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ರಾಗಿಹಿಟ್ಟು ಇಲ್ಲದೆ ಮುದ್ದೆ ತಪ್ಪಿತು, ಅದೊಂದು ಕೊರಗು.

ಎರಡು ವಾರಕ್ಕೆ ಹುರಳಿ ಮುಗಿಯಿತು. ಊರಿಂದ ತರಿಸಲು ಕೊರಿಯರ್ ಇಲ್ಲ. ಕೆಳಮನೆಯ ಉತ್ತರಾಖಂಡದ ಆಂಟಿಗೆ ಫೋನಿನಲ್ಲಿ ಹೇಳಿಕೊಂಡರೆ, ಬಾಗಿಲ ಬಳಿ ಒಂದು ಡಬ್ಬಿ ‘ಗಹತ್’ ಇಟ್ಟು ಹೋದರು. ತೆರೆದರೆ ನಮ್ಮದೇ ಹುರಳಿ! ಪಹಾಡಿಗಳಿಗೆ ಚಳಿಗಾಲದ ದಾಲ್ ಅದು. ಮರುದಿನ ಒಂದು ಬಟ್ಟಲು ಬಸ್ಸಾರು ಅವರ ಬಾಗಿಲಿಗೂ ಹೋಯಿತು. ‘ಖಾರ ಜಾಸ್ತಿ’ ಅಂದರು. ಬಟ್ಟಲು ಮಾತ್ರ ಖಾಲಿಯಾಗಿತ್ತು.